ಅಗೆ ಹಾಕಿ ಬೆಳೆಸಿದ ಕಣಗಳು

ಬೈಂದೂರಿನಿಂದ ಹೊರಟು ಕುಂದಾಪುರ, ಬ್ರಹ್ಮಾವರ ದಾಟಿ ಮಣಿಪಾಲದ ಕಡೆ ಹೋಗುವ ಬಸ್ಸಿನಲ್ಲಿ ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ಕೂತವರು ದಿನವೂ ಇರುತ್ತಾರೆ. ಅವರಲ್ಲಿ ಕ್ಯಾನ್ಸರಿನವರು ಈಗೀಗ ಒಂದು ಹೊಸ ಪ್ರಶ್ನೆ ಕೇಳುತ್ತಾರೆ: ‘ನಮ್ದೇ ರಕ್ತ ತೆಗ್ದ್, ಲ್ಯಾಬಂಗೆ ಬೆಳ್ಸಿ, ವಾಪಸ್ ಕೊಡ್ತ್ರಂಬ್ರ್, ಹೌದಾ?’

ಹೌದು. ಭತ್ತ ಬೆಳೆಯುವ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಅಗೆ ಹಾಕಬೇಕು, ಗದ್ದೆ ಹದ ಮಾಡಬೇಕು, ಆಮೇಲೆ ನಟ್ಟಿ. ರಕ್ತದ ಕಣಗಳಿಗೂ ಇದೇ ಕ್ರಮ. ಆದರೆ ಇದನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೆ ನಾಲ್ಕು ದಶಕ ಬೇಕಾಯಿತು.

ಕತೆ ಶುರುವಾಗುವುದು ರಾಜ್ಮಾ ಕಾಳಿನಿಂದ. 1950ರ ದಶಕದಲ್ಲಿ ಪ್ರಯೋಗಾಲಯದವರು ರಕ್ತದಿಂದ ಬಿಳಿಕಣ ಬೇರ್ಪಡಿಸಲು ರಾಜ್ಮಾದ ಸತ್ವವನ್ನು ಬಳಸುತ್ತಿದ್ದರು. ಅದನ್ನು ಹಾಕಿದರೆ ಕೆಂಪುಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ಬಿಳಿಕಣ ಮೇಲೆ ಉಳಿಯುತ್ತದೆ. (ರಾಜ್ಮಾ ಸರಿಯಾಗಿ ಬೇಯದಿದ್ದರೆ ಹೊಟ್ಟೆ ಕೆಡುವುದಕ್ಕೂ ಈ ಸತ್ವವೇ ಕಾರಣ.) ಫಿಲಡೆಲ್ಫಿಯಾದ ಪೀಟರ್ ನೋವೆಲ್ ಹೀಗೆ ಬೇರ್ಪಡಿಸಿದ ಕಣಗಳನ್ನು ಕೆಲವು ದಿನ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅವು ಒಡೆದು ಎರಡಾಗುತ್ತಿದ್ದವು. ಲಿಂಫೋಸೈಟ್ ಎಂಬ ಈ ಬಿಳಿಕಣ ಬೆಳೆದು ಮುಗಿದದ್ದು, ಇನ್ನು ಒಡೆಯುವುದಿಲ್ಲ ಎಂದೇ ಅಂದಿನ ತಿಳಿವಳಿಕೆ. ಕಣಗಳನ್ನು ಎಬ್ಬಿಸಿದ್ದು ಆ ಕಾಳಿನ ಸತ್ವ ಎಂದು ನೋವೆಲ್ 1960ರಲ್ಲಿ ಪ್ರಕಟಿಸಿದರು. ರಕ್ತ ಸೋಸಲು ತಂದ ಪದಾರ್ಥ ಬೀಜ ಮೊಳೆಯಿಸಿತು! ನನಗೆ ಇಡೀ ಕತೆಯಲ್ಲಿ ಅತ್ಯಂತ ಪ್ರೀತಿಯ ಘಟ್ಟ ಇದು.

ಮೊಳಕೆಯೇನೋ ಬಂತು, ಆದರೆ ಕೆಲವೇ ದಿನಗಳಲ್ಲಿ ಕಣಗಳು ಸೊರಗಿ ಸಾಯುತ್ತಿದ್ದವು. ಅವಕ್ಕೆ ಬೇಕಾದ ಆಹಾರ ಸಿಕ್ಕಿದ್ದೂ ಬೇರೇನನ್ನೋ ಹುಡುಕುವಾಗಲೇ. ಅಮೆರಿಕದ ರಾಬರ್ಟ್ ಗ್ಯಾಲೋ ಅವರ ಪ್ರಯೋಗಾಲಯದಲ್ಲಿ ಮಾರ್ಗನ್ ಮತ್ತು ರಸೆಟ್ಟಿ ಇನ್ನೊಂದು ಜಾತಿಯ ಕಣ ಬೆಳೆಸಲು ಹೆಣಗುತ್ತಿದ್ದಾಗ, ಸೀಸೆಯಲ್ಲಿ ಲಿಂಫೋಸೈಟ್‌ಗಳದೇ ಒಂದು ಬಗೆಯಾದ ಟಿ ಕಣಗಳು ಹುಲುಸಾಗಿ ಬೆಳೆದವು. ರಾಜ್ಮಾ ಸತ್ವದಿಂದ ಎಚ್ಚೆತ್ತ ಬಿಳಿಕಣಗಳು ತಾವೇ ಸ್ರವಿಸುವ ಒಂದು ಪ್ರೋಟೀನು ಅವುಗಳನ್ನು ಬೆಳೆಸುತ್ತಿತ್ತು. 1976ರಲ್ಲಿ ಬೆಳಕಿಗೆ ಬಂದ ಆ ಪ್ರೋಟೀನಿಗೆ ಈಗ ಇಂಟರ್‌ಲ್ಯುಕಿನ್–2 ಎಂದು ಹೆಸರು.

ಈ ಆಹಾರಕ್ಕಾಗಿ ಕಾಯುತ್ತಿದ್ದವರಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಒಬ್ಬರು. 1968ರಲ್ಲಿ, ಇನ್ನೂ ಎಳೆಯ ಶಸ್ತ್ರವೈದ್ಯರಾಗಿದ್ದಾಗ, ಪಿತ್ತಕೋಶದ ಆಪರೇಷನ್ನಿಗೆ ಬಂದ ಒಬ್ಬರ ಹಳೆಯ ಕಡತ ಓದಿದ್ದರು. ಹನ್ನೆರಡು ವರ್ಷ ಹಿಂದೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿ ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಇನ್ನು ಉಳಿಯುವುದಿಲ್ಲವೆಂದು ಮನೆಗೆ ಕಳಿಸಿದ್ದರು. ಈಗ ಹೊಟ್ಟೆ ತೆರೆದು ನೋಡಿದರೆ ಕ್ಯಾನ್ಸರಿನ ಸುಳಿವೇ ಇಲ್ಲ. ಅವರ ರಕ್ತವನ್ನು ಇನ್ನೊಬ್ಬ ರೋಗಿಗೆ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಆದರೆ ದೇಹ ತಾನೇ ಕ್ಯಾನ್ಸರನ್ನು ತಿನ್ನಬಲ್ಲದು ಎಂಬ ನಂಬಿಕೆ ರೋಸೆನ್‌ಬರ್ಗ್ ಅವರನ್ನು ಬಿಡಲಿಲ್ಲ. 1988ರಲ್ಲಿ ಅವರ ತಂಡ ರೋಗಿಗಳ ಗೆಡ್ಡೆಯೊಳಗೆ ನುಗ್ಗಿದ್ದ ಟಿ ಕಣಗಳನ್ನೇ ತೆಗೆದು, ಬೆಳೆಸಿ, ಹಿಂದಕ್ಕೆ ಕೊಟ್ಟಿತು. ಕೆಲವರ ಗೆಡ್ಡೆ ಕುಗ್ಗಿತು, ಆದರೆ ಕೊಟ್ಟ ಕಣ ಬಹಳ ದಿನ ಬಾಳಲಿಲ್ಲ. ಕಾರಣ ತಿಳಿದಿದ್ದು 2002ರಲ್ಲಿ: ಗದ್ದೆ ಹದ ಮಾಡಿರಲಿಲ್ಲ. ಮೊದಲು ಕಿಮೋ ಕೊಟ್ಟು ದೇಹದಲ್ಲಿರುವ ಹಳೆಯ ಲಿಂಫೋಸೈಟ್‌ಗಳನ್ನು ತಗ್ಗಿಸಿದರೆ ಹೊಸವು ಬೇರೂರುತ್ತವೆ. ಕಳೆ ತುಂಬಿದ ಗದ್ದೆಯಲ್ಲಿ ನಟ್ಟಿ ಮಾಡಿದರೆ ಏನಾಗುತ್ತದೆ ಎಂದು ನಮ್ಮ ಹೆಂಗಸರನ್ನು ಕೇಳಿ.

ಅಷ್ಟರಲ್ಲಿ ಇಸ್ರೇಲಿನ ಝೆಲಿಗ್ ಎಶ್ಹಾರ್ ಟಿ ಕಣಕ್ಕೆ ಹೊಸ ಕಣ್ಣು ಕೊಟ್ಟಿದ್ದರು. ಗುರಿಯನ್ನು ತಾನೇ ಗುರುತಿಸುವ ಪ್ರತಿಕಾಯದ ತುಣುಕನ್ನು ಅದರ ಮೈಮೇಲೆ ಕೂರಿಸಿದ್ದು 1989ರಲ್ಲಿ. ಕಾರ್–ಟಿ ಎಂದರೆ ಇದೇ. ಫಿಲಡೆಲ್ಫಿಯಾದಲ್ಲಿ ಕಾರ್ಲ್ ಜೂನ್ ಅವರ ತಂಡ 2012ರಲ್ಲಿ ಲ್ಯುಕೇಮಿಯಾದ ಆರು ವರ್ಷದ ಬಾಲಕಿಗೆ ಇದನ್ನು ಕೊಟ್ಟಾಗ ಜ್ವರ ಏರಿ ಮಗು ಸಾವಿನ ಬಾಗಿಲಿಗೆ ಹೋಯಿತು. ರಕ್ತದಲ್ಲಿ ಇಂಟರ್‌ಲ್ಯುಕಿನ್–6 ಎಂಬ ಪ್ರೋಟೀನು ಮಿತಿಮೀರಿತ್ತು. ಅದನ್ನು ತಡೆಯುವ ಔಷಧಿ ಜೂನ್ ಅವರಿಗೆ ಗೊತ್ತಿತ್ತು, ಅವರ ಸ್ವಂತ ಮಗಳಿಗೆ ಸಂಧಿವಾತವಿದ್ದುದರಿಂದ. ಕೊಟ್ಟರು. ಜ್ವರ ಇಳಿಯಿತು, ಕ್ಯಾನ್ಸರೂ ಹೋಯಿತು.

ಅಮೆರಿಕದಲ್ಲಿ ಈ ಚಿಕಿತ್ಸೆಗೆ ಮೂರು–ನಾಲ್ಕು ಕೋಟಿ ರೂಪಾಯಿ. ಅದನ್ನು ನಮ್ಮ ದೇಶದಲ್ಲೇ ಮಾಡಲು ಹೊರಟವರು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು. 2021ರ ಜೂನ್‌ನಲ್ಲಿ ಮೊದಲ ರೋಗಿ, 2023ರ ಅಕ್ಟೋಬರ್‌ನಲ್ಲಿ ಅನುಮತಿ. ನೆಕ್ಸ್‌ಕಾರ್19 ಎಂಬ ಈ ಔಷಧಿಯ ಬೆಲೆ ಅಲ್ಲಿಯದರ ಹತ್ತರಲ್ಲೊಂದು ಪಾಲು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ಆಸ್ಪತ್ರೆಯ ವಿಧಾನ ತಂದು 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಇಂಥದೇ ಔಷಧಿಯನ್ನು ಬಿಡುಗಡೆ ಮಾಡಿತು.

ಚಿಕಿತ್ಸೆಯ ಕೋಣೆಯೊಳಗೆ ಕಾಣುವುದು ಬಹಳ ಸರಳ. ರೋಗಿಯ ರಕ್ತ ಕೆಲವು ಗಂಟೆ ಯಂತ್ರದ ಮೂಲಕ ಹಾಯುತ್ತದೆ. ಬಿಳಿಕಣ ಚೀಲಕ್ಕೆ, ಉಳಿದದ್ದು ದೇಹಕ್ಕೆ. ಎಬ್ಬಿಸುವ ಕೆಲಸಕ್ಕೆ ಈಗ ರಾಜ್ಮಾ ಬೇಡ. ಟಿ ಕಣದ ಮೈಮೇಲಿನ ಸರಿಯಾದ ಎರಡು ಗುಂಡಿ ಒತ್ತುವ ಪ್ರತಿಕಾಯಗಳಿವೆ. ಹೊಸ ಕಣ್ಣಿನ ವಂಶವಾಹಿಯನ್ನು ಒಳಗೆ ಹೊತ್ತೊಯ್ಯುವುದು ನಿರಪಾಯಗೊಳಿಸಿದ ವೈರಸ್. ಎಚ್ಚೆತ್ತ ಕಣಗಳು ಸೂಕ್ಷ್ಮದರ್ಶಕದಡಿ ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ, ಕಿತ್ತು ಕಟ್ಟಿಟ್ಟ ಅಗೆಯ ಸೂಡಿಗಳ ಹಾಗೆ. ಕೋಟಿಗಟ್ಟಲೆಯಾದ ಮೇಲೆ ಅವನ್ನು ಹಿಂದಕ್ಕೆ ಕೊಡಲು ಕೆಲವೇ ನಿಮಿಷ ಸಾಕು.

ಆದರೆ ಇದು ಎಲ್ಲ ಕ್ಯಾನ್ಸರಿಗಲ್ಲ ಎಂಬುದನ್ನು ಬಸ್ಸಿನಲ್ಲಿ ಕೂತವರಿಗೆ ಮೊದಲೇ ಹೇಳಬೇಕು. ನಮ್ಮ ದೇಶದ ಈ ಎರಡೂ ಔಷಧಿ ಗುರಿಯಿಡುವುದು ಲಿಂಫೋಸೈಟ್‌ಗಳ ಇನ್ನೊಂದು ಬಗೆಯಾದ ಬಿ ಕಣದ ಮೇಲಿನ ಸಿಡಿ19 ಎಂಬ ಗುರುತಿಗೆ. ಅಂದರೆ ಬಿ ಕಣದ ಲ್ಯುಕೇಮಿಯಾ, ಲಿಂಫೋಮಾ ಮರಳಿ ಬಂದವರಿಗೆ, ಬೇರೆ ಮದ್ದು ಹಿಡಿಯದವರಿಗೆ. ಬಾಯಿಯ, ಸ್ತನದ ಕ್ಯಾನ್ಸರಿಗೆ ಇದು ಇನ್ನೂ ಒದಗಿಲ್ಲ.

ಮುಂಬಯಿಯಲ್ಲಿ ಹೋಟೆಲ್ ಕೆಲಸಕ್ಕಿರುವ ನೆಂಟರಿಲ್ಲದ ಮನೆ ನಮ್ಮ ಕಡೆ ಕಡಿಮೆ. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವುದು ನಮ್ಮವರಿಗೆ ಹೊಸದಲ್ಲ. ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿದವರು ಪನ್ವೇಲಿನಲ್ಲಿ ಇಳಿದರೆ ಖಾರ್‌ಘರ್‌ನಲ್ಲಿರುವ ಟಾಟಾದ ಸಂಶೋಧನಾ ಕೇಂದ್ರ ಹತ್ತಿರವೇ. ದಾರಿ ಗೊತ್ತಿದೆ. ‘ಎಷ್ಟ್ ಆತ್ತ್ ಮಾರಾಯ್ರೆ?’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಇಂದಿಗೂ ಲಕ್ಷಗಳಲ್ಲೇ ಇದೆ.