ಹಳೆಯ ಕಾಲೇಜಿನ ಪತ್ರವನ್ನು ಅಳಿಸುವ ಮುನ್ನ



ಯುಗಾದಿ ಹತ್ತಿರ ಬಂತೆಂದರೆ ನಮ್ಮ ನ್ಯೂಯಾರ್ಕ್-ನ್ಯೂಜೆರ್ಸಿ ಭಾಗದಲ್ಲಿ ಎರಡು ಬಗೆಯ ಕರೆಗಳು ಬರಲು ಶುರುವಾಗುತ್ತವೆ. ಒಂದು, ನ್ಯೂಜೆರ್ಸಿಯ ಬೃಂದಾವನದಿಂದಲೋ ನ್ಯೂಯಾರ್ಕಿನ ಕನ್ನಡ ಕೂಟದಿಂದಲೋ ಬರುವ ಹಬ್ಬದ ಕರೆ. ಅದನ್ನು ಅಪ್ಪ ಅಮ್ಮ ತಪ್ಪದೆ ನೆನಪಿಸುತ್ತಾರೆ. ಇನ್ನೊಂದು, ನೀವು ಓದಿ ಬಂದ ಕಾಲೇಜಿನಿಂದ ಬರುವ ಈ-ಮೇಲ್. ‘ರೀಯೂನಿಯನ್‌ಗೆ ಬನ್ನಿ’, ‘ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿ’, ‘ಹತ್ತು ಡಾಲರ್ ಆದರೂ ಕೊಡಿ’. ಇದನ್ನು ಮನೆಯಲ್ಲಿ ಯಾರೂ ನೆನಪಿಸುವುದಿಲ್ಲ. ಎಷ್ಟೋ ಜನ ಓದದೆಯೇ ಅಳಿಸಿಬಿಡುತ್ತಾರೆ. ಈ ಸಲದ ಮಾತು ಆ ಎರಡನೆಯ ಕರೆಯ ಬಗ್ಗೆ, ಅದರಲ್ಲೂ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಓದಿದ, ಓದುತ್ತಿರುವ ನಿಮಗಾಗಿ.

ಮೊದಲು ಆ ಹೆಸರಿನ ಗೊಂದಲ ಬಿಡಿಸೋಣ. ‘ಆರ್ಟ್ಸ್’ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಚಿತ್ರ ಬರೆಯುವುದು ಎಂದುಕೊಳ್ಳುವವರಿದ್ದಾರೆ, ಸೈನ್ಸ್ ಸಿಗದವರು ಓದುವ ಕೋರ್ಸ್ ಎಂದುಕೊಳ್ಳುವವರೂ ಇದ್ದಾರೆ. ಇಲ್ಲಿ ಅರ್ಥ ಬೇರೆ. ಗಣಿತ, ಭೌತಶಾಸ್ತ್ರ, ಇತಿಹಾಸ, ತತ್ತ್ವಶಾಸ್ತ್ರ, ಸಂಗೀತ ಎಲ್ಲವೂ ಇದರೊಳಗೆ ಬರುತ್ತವೆ. ಒಂದೇ ಕಸುಬಿಗೆ ತಯಾರು ಮಾಡುವುದಕ್ಕಿಂತ ಓದುವುದು, ಬರೆಯುವುದು, ಯೋಚಿಸುವುದನ್ನು ಕಲಿಸುವುದು ಇವುಗಳ ಗುರಿ. ಇಂಥ ಕಾಲೇಜುಗಳು ಚಿಕ್ಕವು, ತರಗತಿಗಳೂ ಚಿಕ್ಕವು, ಪ್ರೊಫೆಸರರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ನಮ್ಮ ಸುತ್ತಲೇ ಎಷ್ಟಿವೆ ನೋಡಿ: ಮ್ಯಾನ್‌ಹಟನ್‌ನಲ್ಲಿ 1889ರಲ್ಲಿ ಶುರುವಾದ ಬರ್ನಾರ್ಡ್, ಪೊಕಿಪ್ಸಿಯಲ್ಲಿ 1861ರಲ್ಲಿ ಸ್ಥಾಪನೆಯಾದ ವಾಸರ್, ಬ್ರಾಂಕ್ಸ್‌ವಿಲ್ ಪಕ್ಕದ ಸಾರಾ ಲಾರೆನ್ಸ್, ನ್ಯೂಜೆರ್ಸಿಯ ಮ್ಯಾಡಿಸನ್‌ನಲ್ಲಿ ಡ್ರೂ, ಮಾವಾದಲ್ಲಿ ಸರ್ಕಾರಿ ಕಾಲೇಜಾದ ರಾಮಾಪೋ.

ಇವುಗಳ ಹಳೆಯ ವಿದ್ಯಾರ್ಥಿಗಳ ಸಂಘಗಳು ಹಣ ಕೇಳುವುದಕ್ಕಷ್ಟೇ ಇವೆ ಎಂದು ನಿಮಗೆ ಅನಿಸಿರಬಹುದು. ಅವು ಹುಟ್ಟಿದ ಕಥೆ ಹಾಗಿಲ್ಲ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರು 1821ರಲ್ಲಿ ಒಂದಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್ಹರ್ಸ್ಟ್‌ನ ಹೊಸ ಕಾಲೇಜಿಗೆ ಹೊರಟುಬಿಟ್ಟರು. ಉಳಿದ ಕಾಲೇಜು ಮುಚ್ಚಿಯೇ ಹೋಗುತ್ತದೆ ಎಂಬ ಸ್ಥಿತಿ. ಆಗ ಅಲ್ಲಿ ಓದಿದ್ದವರು ಒಟ್ಟುಸೇರಿ ಒಂದು ಸಂಘ ಕಟ್ಟಿ ಕಾಲೇಜಿನ ಬೆನ್ನಿಗೆ ನಿಂತರು. ಅಮೆರಿಕದ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ವಾಸರ್‌ನ ಸಂಘ 1871ರದು. ಹೆಣ್ಣುಮಕ್ಕಳಿಗೆ ಕಾಲೇಜು ಓದೇ ಅಪರೂಪವಾಗಿದ್ದ ಕಾಲದಲ್ಲಿ, ಓದಿ ಹೊರಬಂದ ಹೆಂಗಸರು ತಮ್ಮ ನಡುವಿನ ನಂಟು ಕಡಿಯದಂತೆ ಕಟ್ಟಿಕೊಂಡದ್ದು.

ಇದು ಹಳೆಯ ಕಥೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜು 2015ರ ಮಾರ್ಚ್‌ನಲ್ಲಿ ‘ಇನ್ನು ಬಾಗಿಲು ಹಾಕುತ್ತೇವೆ’ ಎಂದು ಪ್ರಕಟಿಸಿತು. ಹಳೆಯ ವಿದ್ಯಾರ್ಥಿನಿಯರು ಕೋರ್ಟಿಗೆ ಹೋದರು, ದುಡ್ಡು ಕೂಡಿಸಿದರು. ಜೂನ್ ಹೊತ್ತಿಗೆ ರಾಜಿಯಾಗಿ ಆ ಕಾಲೇಜು ಉಳಿಯಿತು. ಎಲ್ಲ ಕಡೆ ಹಾಗಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಅರೋರಾದಲ್ಲಿದ್ದ ವೆಲ್ಸ್ ಕಾಲೇಜು 1868ರಲ್ಲಿ ಶುರುವಾದದ್ದು. 2024ರ ಏಪ್ರಿಲ್ ಕೊನೆಯಲ್ಲಿ, ಆ ಸೆಮಿಸ್ಟರ್ ಮುಗಿಯುತ್ತಲೇ ಮುಚ್ಚುತ್ತೇವೆ ಎಂದು ತಿಳಿಸಿತು. ಹಳಬರು ಸೇರಿ ಏನಾದರೂ ಮಾಡಲು ಉಳಿದದ್ದು ಕೆಲವೇ ವಾರ. ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಕಾಲೇಜು 2023ರಲ್ಲಿ ಮಾಂಟ್‌ಕ್ಲೇರ್ ಸ್ಟೇಟ್ ಯೂನಿವರ್ಸಿಟಿಯೊಳಗೆ ಸೇರಿಹೋಯಿತು. ಚಿಕ್ಕ ಕಾಲೇಜು ನಡೆಯುವುದು ಮಕ್ಕಳ ಫೀಸು ಮತ್ತು ಹಳಬರ ಕೊಡುಗೆ, ಇವೆರಡರ ಮೇಲೆ. ಮಕ್ಕಳ ಸಂಖ್ಯೆ ಇಳಿದಾಗ ಎರಡನೆಯದೂ ಇಲ್ಲದಿದ್ದರೆ ನಿಮ್ಮ ಡಿಗ್ರಿಯ ಮೇಲಿರುವ ಹೆಸರಷ್ಟೇ ಉಳಿಯುತ್ತದೆ, ಕಾಲೇಜು ಉಳಿಯುವುದಿಲ್ಲ.

ಇದರಲ್ಲಿ ಕನ್ನಡದವರಾದ ನಿಮಗೇನು ಸಂಬಂಧ? ಸಂಬಂಧ ಇದೆ. ಇಂಜಿನಿಯರಿಂಗ್ ಓದಿದ ನಿಮ್ಮ ಅಣ್ಣನಿಗೋ ಕಸಿನ್‌ಗೋ ಕೆಲಸ ಬೇಕಾದಾಗ ಮನೆಯಲ್ಲೇ ಒಂದು ದಾರಿ ಇರುತ್ತದೆ. ಅಪ್ಪನ ಸ್ನೇಹಿತರೊಬ್ಬರು ಒಂದು ಕಂಪನಿಯಲ್ಲಿ, ಸಂಘದಲ್ಲಿ ಸಿಗುವ ಅಂಕಲ್ ಇನ್ನೊಂದು ಕಂಪನಿಯಲ್ಲಿ. ಒಂದು ಫೋನ್ ಸಾಕು. ಆದರೆ ನೀವು ಇತಿಹಾಸ ಓದಿ ಮ್ಯೂಸಿಯಂನಲ್ಲಿ ಕೆಲಸ ಮಾಡಬೇಕು, ಸಾಹಿತ್ಯ ಓದಿ ಪುಸ್ತಕ ಪ್ರಕಾಶನಕ್ಕೆ ಹೋಗಬೇಕು ಎಂದುಕೊಂಡರೆ ಅಪ್ಪನ ಫೋನಿನಲ್ಲಿ ಅಂಥ ಒಂದು ನಂಬರೂ ಇರಲಿಕ್ಕಿಲ್ಲ. ‘ಇದನ್ನು ಓದಿ ಮುಂದೇನು ಮಾಡ್ತೀಯಾ?’ ಎಂದು ಅವರು ಕೇಳುವುದು ತಾತ್ಸಾರದಿಂದಲ್ಲ, ಆ ದಾರಿಯಲ್ಲಿ ನಡೆದವರು ಅವರಿಗೆ ಗೊತ್ತಿಲ್ಲದ್ದರಿಂದ. ಆ ನಂಬರುಗಳು ನಿಮ್ಮ ಕಾಲೇಜಿನಲ್ಲಿವೆ. ನಮ್ಮವರು ‘ಪರಿಚಯದವರು’ ಎನ್ನುತ್ತಾರಲ್ಲ, ಆ ಪರಿಚಯವನ್ನು ಇಲ್ಲಿ ಕಟ್ಟಿಕೊಡುವುದು ಹಳೆಯ ವಿದ್ಯಾರ್ಥಿ ಸಂಘ.

ಈಗ ವಸಂತದ ಕ್ಯಾಲೆಂಡರ್ ನೋಡೋಣ. ದಿನಾಂಕ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ, ನಡೆಯುವ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ.

ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಉದ್ಯೋಗದ ಮಾತುಕತೆಗಳು ಹೆಚ್ಚು. ಬೇಸಿಗೆಯ ಇಂಟರ್ನ್‌ಶಿಪ್ ಹುಡುಕುವ ಕಾಲ ಅದು. ಹಳಬರು ಸಂಜೆ ಒಂದು ಗಂಟೆ ಕೂತು ತಮ್ಮ ಕೆಲಸದ ಬಗ್ಗೆ ಹೇಳುತ್ತಾರೆ, ಹಲವು ಕಡೆ ಝೂಮ್‌ನಲ್ಲೇ. ನೀವು ಪದವಿ ಮುಗಿಸಿ ಎರಡೇ ವರ್ಷ ಆಗಿದ್ದರೂ ಮಾತಾಡಲು ಒಪ್ಪಿಕೊಳ್ಳಿ. ಮೂರನೇ ವರ್ಷದ ಹುಡುಗಿಗೆ ದೊಡ್ಡ ವೈಸ್ ಪ್ರೆಸಿಡೆಂಟ್‌ಗಿಂತ, ಮೊನ್ನೆ ಮೊನ್ನೆ ಮೊದಲ ಕೆಲಸ ಹುಡುಕಿದ ನಿಮ್ಮ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಏಪ್ರಿಲ್‌ನಲ್ಲಿ ಸೀಟು ಸಿಕ್ಕ ಹೊಸ ಮಕ್ಕಳಿಗಾಗಿ ಸಭೆಗಳು ನಡೆಯುತ್ತವೆ. ಬಹಳಷ್ಟು ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಕೊಡಬೇಕು. ಅಂಥ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತ ಅಪ್ಪ ಅಮ್ಮಂದಿರನ್ನು ಗಮನಿಸಿ. ಮಗ ಇಲ್ಲಿ ಸೇರಲಿ ಎನ್ನುವ ಆಸೆ ಒಂದು ಕಡೆ, ಇಷ್ಟು ದುಡ್ಡು ಕಟ್ಟಿ ಮುಂದೇನು ಎನ್ನುವ ಭಯ ಇನ್ನೊಂದು ಕಡೆ. ಅವರಲ್ಲಿ ಕನ್ನಡದವರು ಯಾರಾದರೂ ಇದ್ದರೆ ‘ಆಂಟಿ, ನಾನೂ ಇಲ್ಲೇ ಓದಿದ್ದು’ ಎಂದು ನೀವೇ ಹೋಗಿ ಮಾತಾಡಿಸಿ. ನಿಮ್ಮ ಕನ್ನಡ ಹರಕುಮುರುಕಾದರೂ ಚಿಂತೆಯಿಲ್ಲ. ಚಂದದ ಬ್ರೋಷರ್ ಮಾಡದ ಕೆಲಸವನ್ನು ಆ ಐದು ನಿಮಿಷದ ಮಾತು ಮಾಡುತ್ತದೆ.

ಪದವಿ ಪ್ರದಾನ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅದರ ಆಸುಪಾಸಿನಲ್ಲಿ, ಇಲ್ಲವೇ ಜೂನ್ ಮೊದಲ ವಾರಗಳಲ್ಲಿ ರೀಯೂನಿಯನ್. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಿಮ್ಮ ಬ್ಯಾಚಿನ ಸರದಿ ಬರುತ್ತದೆ. 2016ರಲ್ಲಿ ಮುಗಿಸಿದವರಿಗೆ 2021, 2026, 2031, ಹೀಗೆ. ಅನೇಕ ಕಡೆ ಹಾಸ್ಟೆಲ್ ರೂಮುಗಳಲ್ಲೇ ಕಡಿಮೆ ಖರ್ಚಿನಲ್ಲಿ ಉಳಿಯಬಹುದು. ನೀವಿನ್ನೂ ಓದುತ್ತಿದ್ದರೆ ರೀಯೂನಿಯನ್ ವಾರಾಂತ್ಯಕ್ಕೆ ಸಂಬಳ ಕೊಟ್ಟು ವಿದ್ಯಾರ್ಥಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಐವತ್ತು ವರ್ಷ ಹಿಂದೆ ಓದಿದವರ ಸೂಟ್‌ಕೇಸ್ ಎತ್ತಿಕೊಡುತ್ತಾ ನಡೆಯುವ ಮಾತು ಎಷ್ಟೋ ಸಂದರ್ಶನಗಳಿಗಿಂತ ಮೇಲು.

ಹೋಗಿಬರುವುದೂ ಕಷ್ಟವಲ್ಲ. ಬರ್ನಾರ್ಡ್‌ಗೆ 1ನೇ ನಂಬರ್ ಸಬ್‌ವೇಯಲ್ಲಿ 116ನೇ ಸ್ಟ್ರೀಟ್‌ನಲ್ಲಿ ಇಳಿದರೆ ಸಾಕು. ಪೊಕಿಪ್ಸಿಗೆ ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ-ನಾರ್ತ್ ರೈಲಿನಲ್ಲಿ ಸುಮಾರು ಎರಡು ಗಂಟೆ, ಹಡ್ಸನ್ ನದಿಯ ದಂಡೆಯಲ್ಲೇ. ಮ್ಯಾಡಿಸನ್‌ಗೆ ಪೆನ್ ಸ್ಟೇಷನ್‌ನಿಂದ ಎನ್‌ಜೆ ಟ್ರಾನ್ಸಿಟ್ ರೈಲಿದೆ.

ದುಡ್ಡಿನ ವಿಷಯಕ್ಕೆ ಬರೋಣ. ಸಾಲ ತೀರಿಸುತ್ತಿರುವ ನೀವು ದೊಡ್ಡ ಮೊತ್ತ ಕೊಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಮತ್ತೆ ಹತ್ತು ಡಾಲರ್ ಯಾಕೆ ಕೇಳುತ್ತಾರೆ? ಹಳಬರಲ್ಲಿ ನೂರಕ್ಕೆ ಎಷ್ಟು ಜನ ಕೊಡುತ್ತಾರೆ ಎಂಬ ಲೆಕ್ಕವನ್ನು ದೊಡ್ಡ ದಾನಿಗಳು ನೋಡುತ್ತಾರೆ. ಓದಿದವರಿಗೇ ಬೇಡವಾದ ಕಾಲೇಜು ತಮಗೇಕೆ ಎನ್ನುವುದು ಅವರ ತರ್ಕ. ಹಾಗಾಗಿ ಮೊತ್ತಕ್ಕಿಂತ ತಲೆಯೆಣಿಕೆ ಮುಖ್ಯ. ನಿಮ್ಮ ಕಂಪನಿ ‘ಮ್ಯಾಚಿಂಗ್’ ಕೊಡುತ್ತದೆಯೇ ಎಂದು ಕೇಳಿ. ಕೊಡುವುದಾದರೆ ನಿಮ್ಮ ಹತ್ತು ಇಪ್ಪತ್ತಾಗಬಹುದು. ಯಾವ ಬಾಬತ್ತಿಗೆ ಎಂದು ಹೇಳಿ ಕೊಡಲು ಹೆಚ್ಚಿನ ಕಡೆ ಅವಕಾಶವಿದೆ. ವಿದ್ಯಾರ್ಥಿವೇತನಕ್ಕೆ, ಲೈಬ್ರರಿಗೆ ಅಥವಾ ಭಾಷಾ ವಿಭಾಗಕ್ಕೆ ಎಂದು ಗುರುತು ಹಾಕಿ.

ಭಾಷಾ ವಿಭಾಗ ಎಂದದ್ದಕ್ಕೆ ಕಾರಣವಿದೆ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಕನ್ನಡ ಕಲಿಸುತ್ತಾರೆ. ಚಿಕ್ಕ ಕಾಲೇಜುಗಳಲ್ಲಿ ಪೂರ್ತಿ ವಿಭಾಗ ಕಟ್ಟುವುದು ಕಷ್ಟ, ಆದರೆ ಬೇರೆ ದಾರಿಗಳಿವೆ. ವಾಸರ್‌ನಲ್ಲಿ ಹಿಂದಿ, ಸ್ವಾಹಿಲಿಯಂಥ ಭಾಷೆಗಳನ್ನು ವಿದ್ಯಾರ್ಥಿಗಳು ಬಹುಮಟ್ಟಿಗೆ ತಾವೇ ಓದಿಕೊಂಡು, ಆ ಭಾಷೆ ಬಲ್ಲವರ ಜೊತೆ ವಾರವಾರ ಮಾತಾಡಿ ಕಲಿಯುವ ವ್ಯವಸ್ಥೆ ಇದೆ. ಕನ್ನಡವೂ ಬೇಕು ಎಂದು ಒಬ್ಬ ವಿದ್ಯಾರ್ಥಿ ಕೇಳಿದರೆ ಕಡತದಲ್ಲಿ ಉಳಿಯಬಹುದು. ಹತ್ತು ಜನ ಹಳಬರು ಸಹಿ ಹಾಕಿ ಕೇಳಿದರೆ ಸುಲಭವಾಗಿ ಪಕ್ಕಕ್ಕಿಡಲಾಗುವುದಿಲ್ಲ.

ಕಾಲೇಜಿನ ಸಂಘವೊಂದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಎಂಬ ಪತ್ರಿಕೆ ಶುರುಮಾಡಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಸಂಪಾದಕರು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲೇಜಿನಲ್ಲಿ ಕನ್ನಡಕ್ಕೆ ಅಂಥ ಒಂದು ಪತ್ರಿಕೆ ಹುಟ್ಟಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಕುವೆಂಪು ಅಲ್ಲೇ ಮೇಷ್ಟರಾದರು, ಪ್ರಿನ್ಸಿಪಾಲರಾದರು, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅಲ್ಲೇ ಓದಿದ ಒಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಓದಿದ ಜಾಗಕ್ಕೆ ಮರಳಿ ಹೋಗುವುದು ನಮಗೆ ಹೊಸದಲ್ಲ.

ಕೊನೆಯದಾಗಿ, ಸಂಕೋಚ ಇರುವವರಿಗೆ ಒಂದು ಉಪಾಯ. ನೂರು ಜನರ ಪಾರ್ಟಿಗೆ ಹೋಗಲು ಇಷ್ಟವಿಲ್ಲದಿದ್ದರೆ ಕಾಲೇಜಿನ ಡೈರೆಕ್ಟರಿಯಲ್ಲಿ ನಿಮಗೆ ಬೇಕಾದ ಕ್ಷೇತ್ರದ ಒಬ್ಬರನ್ನು ಹುಡುಕಿ, ನಾಲ್ಕು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಮತ್ತು ಪದವಿ ವರ್ಷ. ಎರಡನೆಯದರಲ್ಲಿ ನೀವು ಈಗ ಮಾಡುತ್ತಿರುವುದು. ಮೂರನೆಯದರಲ್ಲಿ ಒಂದೇ ಒಂದು ಪ್ರಶ್ನೆ. ನಾಲ್ಕನೆಯದರಲ್ಲಿ ‘ಇಪ್ಪತ್ತು ನಿಮಿಷ ಮಾತಾಡಬಹುದೇ?’ ಕೆಲಸ ಕೊಡಿ ಎಂದು ಮೊದಲ ಪತ್ರದಲ್ಲೇ ಕೇಳಬೇಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ, ಆಮೇಲೆ ಬೇರೆಯವರನ್ನು ಹುಡುಕಿ. ಮಾತು ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ, ಆರು ತಿಂಗಳು ಬಿಟ್ಟು ಏನಾಯಿತು ಎಂದೂ ತಿಳಿಸಿ. ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ಮುಂದೊಂದು ವರ್ಷ ಅಂಥದೇ ನಾಲ್ಕು ಸಾಲು ನಿಮಗೆ ಬರುತ್ತದೆ. ಬರೆದವರ ಮನೆಮಾತು ಕನ್ನಡವೇ ಆಗಿರಬಹುದು, ಆಗಿರದೆಯೂ ಇರಬಹುದು. ಉತ್ತರ ಕೊಡಿ. ಸದ್ಯಕ್ಕೆ ನಿಮ್ಮ ಇನ್‌ಬಾಕ್ಸ್‌ನಲ್ಲಿರುವ ಕಾಲೇಜಿನ ಪತ್ರ ತೆರೆದು, ವಿಳಾಸ ಬದಲಾಗಿದ್ದರೆ ಸರಿಪಡಿಸಿ, ಯಾವುದಾದರೂ ಒಂದು ಕಾರ್ಯಕ್ರಮಕ್ಕೆ ಹೆಸರು ಕೊಡಿ. ಯುಗಾದಿ ಊಟದ ದಿನಕ್ಕೆ ಅಡ್ಡ ಬರದಂತೆ ನೋಡಿಕೊಂಡರೆ ಮನೆಯಲ್ಲೂ ಯಾರೂ ಬೇಡ ಎನ್ನುವುದಿಲ್ಲ.

ಮತ್ತೆ ಸಿಗೋಣ.