ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು

ಮೆಕ್ಕೆಜೋಳ ತುಂಬಿದ ಲಾರಿ ಜಗಳೂರು ಬಿಟ್ಟು ದಾವಣಗೆರೆ ಮುಟ್ಟುವವರೆಗೂ ಸ್ಟೇರಿಂಗಿನ ತಕರಾರು ಡ್ರೈವರಿಗೆ ಗೊತ್ತಾಗದೇ ಇರಬಹುದು. ಗೊತ್ತಾಗುವುದು ಎಪಿಎಂಸಿ ಅಂಗಳದಲ್ಲಿ, ಎರಡು ಲಾರಿಗಳ ನಡುವಿನ ಸಂದಿಗೆ ಗಾಡಿಯನ್ನು ರಿವರ್ಸ್ ತೆಗೆಯುವಾಗ. ಇಂಜಿನ್ ಸಣ್ಣಗೆ ಓಡುತ್ತಿರುತ್ತದೆ, ಗಾಡಿ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಚಕ್ರ ಮಾತ್ರ ಪೂರ್ತಿ ತಿರುಗಬೇಕು. ಸ್ಟೇರಿಂಗನ್ನು ಹಗುರ ಮಾಡುವ ಪಂಪು ಎಣ್ಣೆ ತಳ್ಳುವುದು ಅತಿ ಕಡಿಮೆ, ಕೆಲಸ ಬೇಡುವುದು ಅತಿ ಹೆಚ್ಚು ಅನ್ನುವ ಗಳಿಗೆ ಅದು. ಕೆಳಗಿಂದ ಕುಂಯ್ ಎಂಬ ಸದ್ದು ಬರುತ್ತದೆ, ಸ್ಟೇರಿಂಗು ಕಲ್ಲಾಗುತ್ತದೆ. ಡ್ರೈವರು ಇಳಿದು ಬಂದು ‘ಪಂಪು ಹೋಯ್ತು’ ಅನ್ನುತ್ತಾನೆ.

ಹೋಗಿರಬಹುದು. ಹೋಗದೆಯೂ ಇರಬಹುದು. ಈ ಎರಡರ ನಡುವೆ ಇರುವ ಕಸುಬನ್ನು ನಾನು ಚನ್ನಗಿರಿಯ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ, ಹಳೇ ಟೈರಿನ ಮೇಲೆ ಕೂತು ಇಡೀ ದಿನ ನೋಡಿದ್ದೇನೆ.

ಮೊದಲು ಪಂಪಿನ ವಿಷಯ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿ ಏರಿಸಿದಾಗ ಒಂಟಿ ಟೈರಿನ ಮುಂದಿನ ಆಕ್ಸಲ್ಲಿಗೆ 6 ಟನ್ ಇದ್ದ ಮಿತಿ ಇನ್ನೂ ಹೆಚ್ಚಾಯಿತು. ಅಷ್ಟು ಭಾರ ಹೊತ್ತ ಎರಡು ಚಕ್ರಗಳನ್ನು ನಿಂತ ನೆಲದಲ್ಲೇ ತಿರುಗಿಸುವುದು ಬರೀ ತೋಳಿನ ಕೆಲಸವಲ್ಲ. ಹಿಂದೆ ತೋಳಿನಿಂದಲೇ ಮಾಡುತ್ತಿದ್ದರು. ಹಳೆಯ ಲಾರಿಗಳ ಸ್ಟೇರಿಂಗು ಮೊರದಷ್ಟು ದೊಡ್ಡದು, ಸೀಟಿನಿಂದ ಎದ್ದು ಮೈಭಾರ ಹಾಕಿ ಎಳೆಯುತ್ತಿದ್ದ ಡ್ರೈವರುಗಳನ್ನು ಕಂಡವರು ಇನ್ನೂ ಇದ್ದಾರೆ. ಈ ಕಷ್ಟಕ್ಕೆ ಮದ್ದು ಹುಡುಕಿದವನು ಅಮೆರಿಕದ ಫ್ರಾನ್ಸಿಸ್ ಡೇವಿಸ್. ಪಿಯರ್ಸ್ ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದವನು. ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೇರಿಂಗನ್ನು ಅವನು 1926ರಲ್ಲಿ ಓಡಿಸಿ ತೋರಿಸಿದ. ಮಾರುವ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಲಾರಿ ಚಕ್ರಕ್ಕೆ ನಾವು ಹಿಡಿಸುವ ಗಾಳಿ 110-120 ಪೌಂಡು, ಅಂದರೆ ಸುಮಾರು 8 ಬಾರ್. ಎರಡು ಮುಷ್ಟಿಯಷ್ಟಿರುವ ಈ ಪಂಪು ಎಣ್ಣೆಯನ್ನು 100 ಬಾರ್ ಮೀರಿ ಒತ್ತುತ್ತದೆ. ಬಿಚ್ಚಿ ನೋಡಿದರೆ ಒಳಗೆ ಒಂದು ಉಕ್ಕಿನ ಬಳೆ. ಹೊರಗಡೆಯಿಂದ ದುಂಡಗೆ, ಒಳಗಡೆ ಮಾತ್ರ ಕೊಂಚ ಮೊಟ್ಟೆಯಾಕಾರ. ಅದರ ನಡುವೆ ತಿರುಗುವ ರೋಟರು, ರೋಟರಿನ ಸುತ್ತ ಸೀಳುಗಳು, ಒಂದೊಂದು ಸೀಳಿನಲ್ಲೂ ಉಗುರಿನಂಥ ಉಕ್ಕಿನ ಎಲೆ. ರೋಟರು ತಿರುಗಿದಂತೆ ಎಲೆಗಳು ಹೊರಚಿಮ್ಮಿ ಬಳೆಯನ್ನು ಸವರಿಕೊಂಡು ಓಡುತ್ತವೆ. ಬಳೆ ಅಗಲವಾದ ಕಡೆ ಎಣ್ಣೆ ಒಳಗೆ ಬರುತ್ತದೆ, ಕಿರಿದಾದ ಕಡೆ ಹಿಂಡಿಸಿಕೊಂಡು ಹೋಗುತ್ತದೆ, ಒಂದು ಸುತ್ತಿಗೆ ಎರಡು ಸಲ. ಎದುರುಬದುರು ಎರಡು ಕಡೆ ಒತ್ತಡ ಹುಟ್ಟುವುದರಿಂದ ಒಂದನ್ನೊಂದು ಸರಿದೂಗಿಸಿಕೊಂಡು ಶಾಫ್ಟಿಗೆ ಪಕ್ಕದ ನೂಕು ಬೀಳುವುದಿಲ್ಲ. ಈ ಜಾಣ್ಮೆ 1925ರಲ್ಲಿ ಹ್ಯಾರಿ ವಿಕರ್ಸ್‌ನದು. ರೋಟರಿಗೂ ಪಕ್ಕದ ಪ್ಲೇಟಿಗೂ ನಡುವಿನ ಸಂದು ತಲೆಗೂದಲಿಗಿಂತ ತೆಳು. ಒಂದು ಮರಳಿನ ಕಣ ಒಳಗೆ ಹೋದರೂ ಅದು ಗೀರು ಹಾಕಿಯೇ ಹೊರಗೆ ಬರುತ್ತದೆ.

ಚನ್ನಗಿರಿಯ ಮೇಸ್ತ್ರಿ ಗಾಡಿ ಬಂದ ಕೂಡಲೇ ಸ್ಪ್ಯಾನರ್ ಹಿಡಿಯಲಿಲ್ಲ. ಎಣ್ಣೆ ಡಬ್ಬದ ಮುಚ್ಚಳ ತೆಗೆದು ಇಂಜಿನ್ ಹಾಕಲು ಹೇಳಿ ಒಳಗೆ ಇಣುಕಿದರು. ಈ ಎಣ್ಣೆ ಮಾಮೂಲಿಗೆ ಕುಂಕುಮದ ನೀರಿನಂತೆ ಕೆಂಪಗೆ, ತಿಳಿಯಾಗಿ ಇರಬೇಕು. ಗಾಳಿ ಸೇರಿದರೆ ನೊರೆಯೆದ್ದು ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡರು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಸುತ್ತಲಿನವರು ಸುಮ್ಮನಾಗುತ್ತಾರಲ್ಲ, ಹಾಗೆ ಎಲ್ಲರೂ ಸುಮ್ಮನಾದರು. ಎಲೆ ಸವೆದ ಪಂಪು ಕರಕರ ಅನ್ನುತ್ತದಂತೆ, ಎಣ್ಣೆ ಸಾಲದ ಪಂಪು ಗುಂಯ್‌ಗುಡುತ್ತದಂತೆ. ನನಗೂ ಕೇಳಿಸಿದರು. ಎರಡೂ ಒಂದೇ ಅನಿಸಿತು.

‘ಪಂಪ್ ಏನೂ ಆಗಿಲ್ಲಣ್ಣ. ಹಸಿವಾಗೈತೆ ಅಷ್ಟೇ’ ಅಂದರು.

ಡಬ್ಬದ ತಳದಲ್ಲಿ ಕಾಗದದ ಫಿಲ್ಟರಿರುತ್ತದೆ. ಅದು ಕಟ್ಟಿಕೊಂಡಿತ್ತು. ಡಬ್ಬದಿಂದ ಪಂಪಿಗೆ ಬರುವ ರಬ್ಬರ್ ಪೈಪು ಹೊರಗೆ ಹೊಸದರ ಹಾಗಿದ್ದರೂ ಒಳಪದರ ಕಿತ್ತು ಬಂದು ಎಣ್ಣೆಗೆ ಅಡ್ಡ ನಿಂತಿತ್ತು. ಹೊಸ ಪಂಪು ತರಲು ದಾವಣಗೆರೆ ಬಸ್ಸು ಹಿಡಿಯಲಿದ್ದ ಲಾರಿ ಯಜಮಾನರು ಒಂದು ಫಿಲ್ಟರು, ಒಂದು ಮೊಳ ಪೈಪಿನ ಖರ್ಚಿನಲ್ಲಿ ಉಳಿದುಕೊಂಡರು.

ಎಲ್ಲ ಸಲವೂ ಹೀಗೇ ಆಗುವುದಿಲ್ಲ. ಸ್ಟೇರಿಂಗ್ ಬಿಗಿ ಅಂದರೆ ಮುಂದಿನ ಚಕ್ರ ಎಡಬಲ ಹೊರಳಲು ಆಧಾರವಾದ ಕಿಂಗ್‌ಪಿನ್ನಿಗೆ ಗ್ರೀಸು ಕಾಣದೆ ಎಷ್ಟು ದಿನವಾಯಿತೋ ಅದನ್ನೂ ಕೇಳಬೇಕು. ಮುಂಭಾಗ ಜಾಕಿನ ಮೇಲೆತ್ತಿ, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್ ಕಳಚಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಅಲ್ಲೇ ಬಿಗಿಯಿದ್ದರೆ ನೂರು ಪಂಪು ಹಾಕಿದರೂ ಅಷ್ಟೇ. ಇನ್ನೊಂದು ಗುಟ್ಟನ್ನೂ ಮೇಸ್ತ್ರಿ ಹೇಳಿದರು. ಡಬ್ಬದಲ್ಲಿ ಎಣ್ಣೆ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿ ಇಲ್ಲ ಅಂದರೆ ಇಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿ. ಹಲವು ಲಾರಿಗಳಲ್ಲಿ ಪಂಪನ್ನು ಇಂಜಿನ್ನಿನ ಗೇರೇ ತಿರುಗಿಸುತ್ತದೆ. ಶಾಫ್ಟಿನ ಸೀಲು ಹೋದರೆ ಸ್ಟೇರಿಂಗಿನ ಎಣ್ಣೆ ಸದ್ದಿಲ್ಲದೆ ಇಂಜಿನ್ನಿನೊಳಗೆ ಇಳಿಯುತ್ತದೆ. ಕಡ್ಡಿಯ ಮೇಲೆ ಗುರುತು ಏರಿದ್ದರೆ ಕಳ್ಳ ಸಿಕ್ಕಿದ.

ಹಾಗಾದರೆ ಪಂಪನ್ನು ನಾವೇ ಬದಲಿಸಬಹುದೇ? ಹೊನ್ನಾಳಿ, ನ್ಯಾಮತಿ ಕಡೆ ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವವರು ಕೇಳುವ ಪ್ರಶ್ನೆ ಇದು. ಭತ್ತದ ಕಟಾವಿನಲ್ಲಿ ಗಾಡಿ ಎರಡು ದಿನ ನಿಂತರೆ ಆ ಬಾಡಿಗೆ ಮತ್ತೆ ಬರುವುದಿಲ್ಲ. ಬದಲಿಸಬಹುದು ಅನ್ನುತ್ತೇನೆ ನಾನು. ನಾಲ್ಕು ಬೋಲ್ಟು, ಎರಡು ಪೈಪು. ಆದರೆ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣನ್ನು ಡೀಸೆಲ್ ಹಾಕಿ ತೊಳೆಯಬೇಕು. ಒರೆಸಲು ಕಾಟನ್ ವೇಸ್ಟ್ ಬೇಡ, ಅದರ ಎಳೆ ಒಳಗೆ ಹೋಗುತ್ತದೆ. ಮೇಸ್ತ್ರಿ ಇಟ್ಟುಕೊಂಡಿದ್ದು ಒಗೆದ ಹಳೇ ಪಂಚೆಯ ತುಂಡು. ಹೊಸ ಪಂಪು ಕೊಳ್ಳುವಾಗ ಅದು ಬಲಕ್ಕೆ ತಿರುಗುವುದೋ ಎಡಕ್ಕೆ ತಿರುಗುವುದೋ ಹಳೆಯದರ ಗುರುತು ನೋಡಿಯೇ ಕೊಳ್ಳಬೇಕು. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎಣ್ಣೆ ಇಲ್ಲವೆಂದು ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ಹಳೇ ಪಂಪು ಒಳಗೇ ಮುರಿದಿದ್ದರೆ ಅದರ ಚೂರು ಸ್ಟೇರಿಂಗ್ ಬಾಕ್ಸಿನಲ್ಲೂ ಪೈಪಿನಲ್ಲೂ ಕೂತಿರುತ್ತದೆ. ತೊಳೆಯದೆ ಹೊಸದು ಕೂರಿಸಿದರೆ ಹಳೆಯದರ ಗತಿಯೇ ಅದಕ್ಕೂ.

ಸೀಲ್ ಕಿಟ್ ಹಾಕಿ ಹಳೇ ಪಂಪನ್ನೇ ಉಳಿಸುವುದು ಮಾತ್ರ ಕೈಪಳಗಿದವರ ಕೆಲಸ. ಮೇಸ್ತ್ರಿ ಬಳೆಯ ಒಳಮೈ ಮೇಲೆ ಉಗುರು ಎಳೆದು ನೋಡುತ್ತಾರೆ. ಕಣ್ಣಿಗೆ ಕನ್ನಡಿಯ ಹಾಗೆ ಹೊಳೆಯುವ ಬಳೆಯಲ್ಲೂ ಉಗುರು ತಟತಟ ಅಂದರೆ ಅಲ್ಲಿ ಅಲೆ ಬಿದ್ದಿದೆ ಎಂದರ್ಥ, ಅದು ಗುಜರಿಗೆ. ಎಲೆಗಳಿಗೆ ಒಂದು ಅಂಚು ಉರುಟು, ಒಂದು ಚಪ್ಪಟೆ. ಉರುಟಾದದ್ದು ಬಳೆಯ ಕಡೆಗೆ. ಇದನ್ನು ಅವರು ನೋಡಿ ಕೂರಿಸುವುದಿಲ್ಲ, ಹೆಬ್ಬೆರಳಲ್ಲಿ ಸವರಿಯೇ ಕೂರಿಸುತ್ತಾರೆ. ತಾಮ್ರದ ವಾಷರು ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ತಣಿಸುತ್ತಾರೆ, ಗಡಸಾಗಿದ್ದ ತಾಮ್ರ ಮತ್ತೆ ಮೆತ್ತಗಾಗಿ ಎಣ್ಣೆ ಹಿಡಿಯುತ್ತದೆ.

ಒತ್ತಡ ಅಳೆಯುವ ಗೇಜು ದೊಡ್ಡ ವರ್ಕ್‌ಶಾಪುಗಳಲ್ಲಿ ಇರುತ್ತದೆ. ಪಂಪಿಗೂ ಬಾಕ್ಸಿಗೂ ನಡುವೆ ಅದನ್ನು ಸೇರಿಸಿ ವಾಲ್ವನ್ನು ಕೆಲವೇ ಸೆಕೆಂಡು ಮುಚ್ಚಿದರೆ ತಪ್ಪು ಪಂಪಿನದೋ ಬಾಕ್ಸಿನದೋ ಮುಳ್ಳೇ ಹೇಳಿಬಿಡುತ್ತದೆ. ಅಂಥ ಕಡೆ ಹೋಗಬೇಡಿ ಅನ್ನಲಾರೆ. ನನ್ನ ತಕರಾರು ನಮ್ಮ ಜನದ ಮೇಲೆ. ಪಂಪಿಗೆ ಸಾವಿರಗಟ್ಟಲೆ ಎಣಿಸಿ ಕೊಡುವವರು ‘ಬರೀ ನೋಡಿದ್ದಕ್ಕೆ ದುಡ್ಡೇ?’ ಅಂತ ಹುಬ್ಬೇರಿಸುತ್ತಾರೆ. ಬೋಲ್ಟು ತಿರುಗಿಸುವುದನ್ನು ನೀವೇ ಮಾಡಿಕೊಳ್ಳಿ, ದುಡ್ಡನ್ನು ನೋಡಿದವರಿಗೇ ಕೊಡಿ.

ಆ ದಿನದ ಲಾರಿಗೆ ಫಿಲ್ಟರು, ಪೈಪು ಹಾಕಿ ಮುಗಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕಿತ್ತು. ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತ್ತು. ಇಂಜಿನ್ ಆರಿಸಿಟ್ಟೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನಕ್ಕೆ ತಿರುಗಿಸುತ್ತಿದ್ದ ಕ್ಲೀನರ್ ಹುಡುಗ. ಡಬ್ಬದಲ್ಲಿ ಗುಳ್ಳೆಯೇಳುತ್ತಿತ್ತು, ಮೇಸ್ತ್ರಿ ಎಣ್ಣೆ ಸುರಿಯುತ್ತಲೇ ಇದ್ದರು. ಆಮೇಲೆ ಇಂಜಿನ್ ಹಾಕಿಸಿ, ‘ತುದಿಗೆ ಹೋದ್ಮೇಲೆ ಹಿಡ್ಕಂಡ್ ನಿಲ್ಬೇಡ’ ಎಂದು ಎಚ್ಚರಿಸಿ ಮತ್ತೆ ನಾಲ್ಕು ಸಲ ತಿರುಗಿಸಿದರು. ಕೊನೆಗೆ ಯಜಮಾನರನ್ನು ಸ್ಟೇರಿಂಗಿಗೆ ಕೂರಿಸಿ, ಹುಡುಗನನ್ನು ಕೆಳಗೆ ಕರೆದು ಸ್ಕ್ರೂಡ್ರೈವರ್ ಕೈಗಿಟ್ಟರು. ಅವನು ಕಣ್ಣು ಮುಚ್ಚಿ ಹಿಡಿಕೆಗೆ ಕಿವಿ ಒತ್ತಿದ.

‘ಏನ್ ಕೇಳ್ತೈತೋ?’

‘ಜೇನ್ನೊಣ ಇದ್ದಂಗೈತೆ.’

‘ಹಂಗಾರೆ ಇನ್ನೂ ಏರ್ ಐತೆ’ ಎಂದು ಮೇಸ್ತ್ರಿ ಎಣ್ಣೆ ಕ್ಯಾನು ಎತ್ತಿಕೊಂಡರು. ‘ಯಜಮಾನ್ರೇ, ಇನ್ನೊಂದ್ಸಲ ತಿರುಗ್ಸಿ.’