ಹಠವಲ್ಲದ ಹಠ

ಮಗು ಹಠ ಮಾಡದ ಮನೆ ಯಾವುದುಂಟು? ಬೊಂಬೆ ಬೇಕೆಂದು ಜಾತ್ರೆಯ ನಡುವೆ ಹೊರಳಾಡಿದ ಕೂಸು, ಬೊಂಬೆ ಕೈಗೆ ಬಂದೊಡನೆ ಕಣ್ಣೊರಸಿಕೊಂಡು ನಗುತ್ತದೆ. ಆದರೆ ಕೆಲವು ಮನೆಗಳಲ್ಲಿ ಬೇರೊಂದು ಬಗೆಯ ಹಠವುಂಟು. ಶಾಲೆಗೆ ಪಕ್ಕದ ಬೀದಿಯಿಂದ ಕರೆದೊಯ್ದರೆ ಆಕ್ರಂದನ, ತಟ್ಟೆ ಬದಲಾದರೆ ಊಟವಿಲ್ಲ, ಬಾಗಿಲನ್ನು ಇಪ್ಪತ್ತು ಸಲ ತೆರೆದು ಮುಚ್ಚದೆ ನಿದ್ರೆಯಿಲ್ಲ, "ನಾಳೆ ಶಾಲೆ ಇದೆಯೇನಮ್ಮ?" ಎಂಬ ಒಂದೇ ಪ್ರಶ್ನೆ ದೀಪ ಹಚ್ಚಿದಾಗಿನಿಂದ ದೀಪ ಆರಿಸುವವರೆಗೆ. ನೆಂಟರು "ಮುದ್ದು ಹೆಚ್ಚಾಯಿತು, ಎರಡು ಬಿಟ್ಟರೆ ಸರಿಹೋಗುತ್ತದೆ" ಎಂದು ಉಪದೇಶಿಸಿ ಹೊರಡುತ್ತಾರೆ. ಪೆಟ್ಟು ತಿಂದ ಮಗು ಇನ್ನಷ್ಟು ಬಿಗಿಯಾಗಿ ಬಾಗಿಲಿಗೆ ಅಂಟಿಕೊಳ್ಳುತ್ತದೆ.

ಎರಡಕ್ಕೂ ನಾವು ಹಠವೆಂಬ ಒಂದೇ ಹೆಸರಿಟ್ಟಿರುವುದು ದುರದೃಷ್ಟ. ಸಂಸ್ಕೃತದಲ್ಲಿ ಆ ಪದಕ್ಕೆ ಬಲಪ್ರಯೋಗವೆಂಬ ಅರ್ಥವಿದೆ. ಮಗು ನಮ್ಮ ಮೇಲೆ ಬಲವನ್ನು ಪ್ರಯೋಗಿಸುತ್ತಿದೆಯೆಂದು ಬಗೆದೇ ನಾವೂ ಅದರ ಮೇಲೆ ಕೈಯೆತ್ತುತ್ತೇವೆ. ವಾಸ್ತವವಾಗಿ ಅದು ಹೆದರಿರುತ್ತದೆ.

ಇದನ್ನು ಸ್ಪಷ್ಟವಾಗಿ ಬರೆದಿಟ್ಟವರು ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಇಂದು ಆಟಿಸಂ ಎಂದು ಕರೆಯುವ ಸ್ಥಿತಿಯ ಪ್ರಸಿದ್ಧ ವರ್ಣನೆ ಅದು. ಎಲ್ಲವೂ ಇದ್ದಂತೆಯೇ ಇರಬೇಕೆಂಬ ಆ ಮಕ್ಕಳ ತವಕದ ಬೆನ್ನಿಗೇ ಕಳವಳವಿರುವುದನ್ನು ಅವರು ಕಂಡರು. ಅವರಲ್ಲಿ ಮೊದಲನೆಯವನು ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ. ದುಂಡಗಿನ ವಸ್ತು ಸಿಕ್ಕಿದರೆ ಬುಗುರಿಯಂತೆ ತಿರುಗಿಸುವುದೇ ಅವನ ಕೆಲಸ; ಯಾರಾದರೂ ತಡೆದರೆ ರಂಪ.

1942ರಲ್ಲಿ ತಾಯ್ತಂದೆಗಳು ಅವನನ್ನು ಸಮೀಪದ ಒಬ್ಬ ಒಕ್ಕಲಿನ ದಂಪತಿಗಳ ಮನೆಯಲ್ಲಿ ಬಿಟ್ಟರು. ಆ ಹೊತ್ತಿಗೆ ಹುಡುಗನಿಗೆ ಅಳತೆಯ ಗೀಳು. ಒಕ್ಕಲಿಗ ಅಳೆಯಬೇಡವೆನ್ನಲಿಲ್ಲ, ಬಾವಿ ತೋಡಿಸಿ ಎಷ್ಟು ಆಳವಾಯಿತೆಂದು ಲೆಕ್ಕ ಕೇಳಿದ. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಕೂಡಿಡತೊಡಗಿದಾಗ, ಅವಕ್ಕೆಂದೇ ಒಂದು ಮೂಲೆಯನ್ನು ಸ್ಮಶಾನವಾಗಿ ಬಿಟ್ಟುಕೊಟ್ಟು, ಗುರುತಿನ ಫಲಕ ನೆಡಲು ಹೇಳಿದರು. ಹುಡುಗ ಪ್ರತಿಯೊಂದಕ್ಕೂ ಒಂದು ಹೆಸರು, ಪ್ರಾಣಿಯ ಜಾತಿ, ಕೊನೆಗೆ ಒಕ್ಕಲಿಗನ ಮನೆತನದ ಹೆಸರು ಸೇರಿಸಿ ಬರೆದ! ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತ ಎಣಿಸೆಂದರು. 1945ರಲ್ಲಿ ನೋಡಲು ಹೋದ ಕ್ಯಾನರ್, ಹುಡುಗ ಕುದುರೆಯನ್ನು ಸಲೀಸಾಗಿ ತಿರುಗಿಸಿ ಆರು ಉದ್ದನೆಯ ಸಾಲು ಉತ್ತುದನ್ನು ಕಂಡು ಬೆರಗಾದರು. ಮುಂದೆ ಅವನು 1958ರಲ್ಲಿ ಪದವೀಧರನಾದ. ತನ್ನೂರಿನ ಬ್ಯಾಂಕಿನಲ್ಲಿ ದುಡಿದ. 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡ. ಬ್ಯಾಂಕು ತಾಯಿಯ ಮನೆತನದವರದೆಂಬುದನ್ನೂ ಮರೆಯಲಾಗದು; ಎಲ್ಲ ಮಕ್ಕಳಿಗೂ ಅಂಥ ಆಸರೆ ಎಲ್ಲಿ ಬರಬೇಕು? ಆದರೆ ಒಕ್ಕಲಿಗನ ಜಾಣತನಕ್ಕೆ ಹಣ ಬೇಕಿಲ್ಲ. ಗೀಳನ್ನು ಅವನು ಕೀಳಲೂ ಇಲ್ಲ, ಅದು ಮನೆಯನ್ನು ಆಳಲು ಬಿಡಲೂ ಇಲ್ಲ. ಅದಕ್ಕೊಂದು ಜಾಗ, ಒಂದು ಎಲ್ಲೆ, ಸಾಧ್ಯವಾದೆಡೆ ಒಂದು ಕೆಲಸ ಕೊಟ್ಟ.

ನಮ್ಮ ಮನೆಗಳಲ್ಲಿ ಇದು ಹೇಗೆ? ಒಂದು ವಾರ ಸುಮ್ಮನೆ ಬರೆದಿಡಿ: ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು. ಗದ್ದಲಕ್ಕೆ ಹೆದರಿಯೆ, ಕಷ್ಟದ ಪಾಠ ತಪ್ಪಿಸಿಕೊಳ್ಳಲೆ, ಕೇವಲ ಸಂತೋಷಕ್ಕೆಯೆ ಎಂಬುದು ಅಲ್ಲಿ ಕಾಣುತ್ತದೆ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿದರೆ, ಮುಂದೇನೆಂಬ ಭಯ ಎಷ್ಟೋ ಇಳಿಯುತ್ತದೆ. ಶಾಲೆಯ ಪ್ರಶ್ನೆಗೆ ಒಮ್ಮೆ ಉತ್ತರಿಸಿ, ಅನಂತರ ಕ್ಯಾಲೆಂಡರಿನತ್ತ ಬೆರಳು ತೋರಿಸಿದರೆ ಸಾಕು. ಬೀದಿ ಬದಲಿಸುವುದಾದರೆ ಹಿಂದಿನ ದಿನವೇ ತಿಳಿಸಿ, ಮೊದಲು ಒಂದೇ ತಿರುವನ್ನು ಬದಲಿಸಬೇಕು. ಬಾಗಿಲಿನ ಆಟಕ್ಕೆ ಸಂಜೆ ಹತ್ತು ನಿಮಿಷ. ಗಂಟೆ ಬಾರಿಸಿದಾಗ ಮುಗಿಯಿತು, ಕೈಗೆ ಇನ್ನೊಂದು ಇಷ್ಟದ ವಸ್ತು.

ಇಂಥ ಎಲ್ಲೆ ಹಾಕಿದ ಮೊದಲ ದಿನಗಳಲ್ಲಿ ರಂಪ ಹೆಚ್ಚುವುದುಂಟು. ಅರ್ಧ ಗಂಟೆ ತಡೆದು ಆಮೇಲೆ ಸೋತುಬಿಟ್ಟರೆ, ಅರ್ಧ ಗಂಟೆ ಅತ್ತರೆ ಸಿಗುತ್ತದೆಂದು ನಾವೇ ಕಲಿಸಿದಂತಾಯಿತು. ಆದ್ದರಿಂದ ಅಜ್ಜಿಯೂ ಸೇರಿ ಮನೆಮಂದಿಯೆಲ್ಲ ಮೊದಲೇ ಒಂದು ಮಾತಿಗೆ ಬರಬೇಕು. ಆಟಿಕೆಗಳನ್ನು ಸಾಲಾಗಿ ಜೋಡಿಸುವಂಥ ನಿರುಪದ್ರವಿ ಅಭ್ಯಾಸವನ್ನಂತೂ ಬಿಟ್ಟುಬಿಡುವುದೇ ಮೇಲು. ಬಂದವರೆದುರು ನಮಗಾಗುವ ಸಂಕೋಚ ಮಗುವಿನ ರೋಗವಲ್ಲ.

ಔಷಧದ ಮೇಲೆ ಬಹಳ ಭರವಸೆಯಿಡುವಂತಿಲ್ಲ. ಸಿಟಲೋಪ್ರಾಮ್ ಎಂಬ ಮಾತ್ರೆಯನ್ನು ಆಟಿಸಂ ಇರುವ 149 ಮಕ್ಕಳಲ್ಲಿ ಪರೀಕ್ಷಿಸಿದಾಗ, ಇಂಥ ವರ್ತನೆಗಳ ಮಟ್ಟಿಗೆ ಅದು ಹುಸಿಮಾತ್ರೆಗಿಂತ ಮೇಲಾಗಲಿಲ್ಲವೆಂದು 2009ರಲ್ಲಿ ಪ್ರಕಟವಾಯಿತು. ಆದರೆ ಮಗು ತಾನೇ ಬೇಡವೆಂದರೂ ಬಿಡಲಾಗದೆ ಕೈ ತೊಳೆಯುತ್ತ ನರಳುತ್ತಿದ್ದರೆ ಅದು ಬೇರೆ ಕಾಯಿಲೆಯಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಿದ್ದಾರೆ; ಮಾತು ಬಾರದ ಮಕ್ಕಳಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಹಠಾತ್ತನೆ ಆರಂಭವಾದರೆ ಮಾತ್ರ ವಾರವಿಡೀ ಬರೆದಿಡುತ್ತ ಕೂರಬಾರದು. ಅಂದೇ ವೈದ್ಯರಲ್ಲಿಗೆ ಕರೆದೊಯ್ದು ಹಲ್ಲು, ಕಿವಿ, ಹೊಟ್ಟೆಗಳನ್ನು ಪರೀಕ್ಷೆ ಮಾಡಿಸಬೇಕು. ನೋವನ್ನು ಮಾತಿನಲ್ಲಿ ಹೇಳಲಾರದ ಮಗು ಅದನ್ನು ಹೀಗೆ ತೋರಿಸುತ್ತಿರಬಹುದು.